ಒಂಬತ್ತು ನೀಲಿ ಡಿಸ್ಕುಗಳು

ಮನೆಯ ಮಹಡಿ ಕೋಣೆ,
೧೭ ಮಾರ್ಚ್ ೨೦೦೦, ಶುಕ್ರವಾರ

ಪ್ರೀತಿಯ ಅಕ್ಕಾ,

ಕೆಮ್ಮು ಕಡಿಮೆಯಾಯಿತೇ? ತೂಕ ಏರಿತೇ? ಆ ಕ್ಷಯದ ವಾರ್ಡಿನಲ್ಲಿ ಸ್ವಲ್ಪ ಗಾಳಿಯಾದರೂ ಆಡುತ್ತದೆಯೇ? ಪಕ್ಕದ ಹಾಸಿಗೆಯ ಅಜ್ಜಿಗೆ ನಿನ್ನ ಪಾಲಿನ ಹಾಲನ್ನೂ ಕೊಡುತ್ತೇನೆಂದು ನೀನು ಬರೆದಿದ್ದೆ. ದೊಡ್ಡತನ ಸಾಕು, ನೀನೇ ಕುಡಿ. ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಹೊದಿಕೆ ಒಗೆದು ಮಡಿಸಿಡುತ್ತಾಳೆ, ಮಾರನೆಯ ದಿನ ಮತ್ತೆ ಬಿಚ್ಚಿ ಒಗೆಯುತ್ತಾಳೆ.

ನಾನು ಚೆನ್ನಾಗಿಲ್ಲ. ಸುತ್ತಿ ಬಳಸಿ ಬರೆಯುವ ಜಾಣತನ ಶಾಲೆ ಬಿಟ್ಟವಳಿಗೆ ಎಲ್ಲಿಂದ ಬರಬೇಕು? ನಿನ್ನ ಒಂಬತ್ತು ಕಂಪ್ಯೂಟರ್ ಡಿಸ್ಕುಗಳೂ ಹೋದವು. ಗಿರಣಿಗಾಗಿ ನೀನು ನಾಲ್ಕು ವರ್ಷ ಕೂತು ಬಿಡಿಸಿದ ಟವೆಲು, ಹೊದಿಕೆಗಳ ನಮೂನೆಗಳೆಲ್ಲ ಹೋದವು. ಕಾಗದದ ಚಿತ್ರಗಳನ್ನು ಜಾಗ ಸಾಲದೆಂದು ನೀನೇ ರದ್ದಿಗೆ ಹಾಕಿದ್ದೆ.

ಹೊರಡುವಾಗ ನೀನು ಹೇಳಿದ್ದು ಒಂದೇ ಮಾತು: ‘ಎದುರಂಗಡೀಲಿ ಸಿ.ಡಿ.ಗೆ ಹಾಕಿಸಿ ಮ್ಯಾನೇಜರ್ ಕೈಗೆ ಕೊಡೇ, ಅಲ್ಲೀವರೆಗೂ ನನ್ನ ಕುರ್ಚಿ ಕಾಯ್ತಾರಂತೆ.’ ನಾನು ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ನಿನಗೇ ಗೊತ್ತಲ್ಲ, ನಾನು ಕೆಲಸ ಮಾಡುವುದು ನೂರು ಎಂ.ಬಿ. ಹಿಡಿಯುವ ನೀಲಿ ಡಿಸ್ಕಿನ ಅಂಗಡಿಯಲ್ಲಿ, ಎದುರಂಗಡಿಯಾತನದು ನೂರಿಪ್ಪತ್ತರದು. ಮೂರು ವರ್ಷದಿಂದ ರಸ್ತೆಯ ಎರಡೂ ಕಡೆ ಇದೇ ಜಗಳ. ‘ಏನಮ್ಮಾ, ಇಪ್ಪತ್ತು ಕಡಿಮೆ ಇಟ್ಕೊಂಡು ಇಷ್ಟೊಂದು ಜಂಭಾನಾ?’ ಎಂದು ಆತ. ‘ನಿಮ್ಮ ಡಿಸ್ಕು ತೆರೆಯೋ ಹೊತ್ತಿಗೆ ನಾವು ಊಟ ಮುಗಿಸಿ ಕೈ ತೊಳೆದಿರ್ತೀವಿ’ ಎಂದು ನಾನು. ಆಮೇಲೆ ಆತ ಸಿ.ಡಿ. ಬರೆಯುವ ಯಂತ್ರ ತಂದು ತನ್ನ ನೂರಿಪ್ಪತ್ತನ್ನು ತಾನೇ ಮೂಲೆಗೆ ಎಸೆದ. ಸೋತವನು ಹಾಯಾಗಿದ್ದ, ಗೆದ್ದೆನೆಂದುಕೊಂಡ ನಾನು ಉರಿಯುತ್ತಿದ್ದೆ. ನಾಳೆ, ನಾಳಿದ್ದು ಎಂದು ಮೂರು ವಾರ ತಳ್ಳಿದೆ.

ಮಂಗಳವಾರ, ಎಲ್ಲ ಸರಿಯಿದೆಯೇ ನೋಡೋಣವೆಂದು ಮೊದಲ ಡಿಸ್ಕನ್ನು ನಮ್ಮ ಅಂಗಡಿಯ ಡ್ರೈವಿಗೆ ಹಾಕಿದೆ. ಟಕ್ ಟಕ್ ಎಂದಿತು, ತೆರೆಯಲಿಲ್ಲ. ಡಿಸ್ಕು ಕೆಟ್ಟಿದೆಯೆಂದು ಎರಡನೆಯದನ್ನು ಹಾಕಿದೆ, ಆಮೇಲೆ ಮೂರನೆಯದನ್ನು. ಗಾಬರಿಯಲ್ಲಿ ಒಂಬತ್ತನ್ನೂ ಹಾಕಿದೆ. ಕೆಟ್ಟಿದ್ದದ್ದು ಡ್ರೈವು. ಒಳಗೆ ಡಿಸ್ಕು ಓದುವ ತಲೆ ಮುರಿದು, ಸಿಕ್ಕಿದ್ದನ್ನೆಲ್ಲ ಹರಿಯುತ್ತಿತ್ತು. ಆಗ ಓಡಿದೆ ಎದುರಂಗಡಿಗೆ. ಆತ ನಗಲಿಲ್ಲ. ಯಾರೋ ಗಿರಾಕಿಯಿಂದ ನೂರರ ಒಳ್ಳೆಯ ಡ್ರೈವೊಂದನ್ನು ತರಿಸಿದ. ನಿನ್ನ ಡಿಸ್ಕು ಒಳಗೆ ಹೋಗುತ್ತಲೇ ಅದೂ ಟಕ್ ಎಂದು ಕೆಟ್ಟಿತು. ಒಂದರಿಂದ ಒಂದಕ್ಕೆ ಅಂಟುತ್ತದಂತೆ. ನಿನಗೆ ಈ ಮಾತು ಬರೆಯಬಾರದಿತ್ತು, ಬರೆದಾಯಿತು. ‘ಯಂತ್ರದ ತಪ್ಪು, ನಿಂದಲ್ಲ ಬಿಡಮ್ಮ’ ಎಂದ. ಯಂತ್ರ ಕೆಡಿಸಿದ್ದು ಒಂದನ್ನು ಅಕ್ಕಾ. ಉಳಿದ ಎಂಟು ನನ್ನವು.

‘ಎಲ್ಲಾ ಭದ್ರವಾಗಿದೆ ಅಂತ ಬರಿಯೇ, ಕಾಯಿಲೆ ಮನುಷ್ಯಳು’ ಎಂದು ಅಮ್ಮ ಎರಡು ದಿನ ಬೆನ್ನು ಹತ್ತಿದಳು. ಪೆನ್ನು ಏಳಲಿಲ್ಲ. ಅವಳ ಆಶೀರ್ವಾದ ಕಳಿಸಿದ್ದಾಳೆ. ಕ್ಷಮಿಸು ಎಂದು ನಾನು ಕೇಳುವುದಿಲ್ಲ.

ನಿನ್ನ ತಂಗಿ,
ಗಿರಗಿಟ್ಲೆ

ತಾ.ಕ.: ಅಂಚೆಗೆ ಹೊತ್ತಾಯಿತು. ನಿನ್ನೆ ನಾನೇ ಗಿರಣಿಗೆ ಹೋಗಿ ಮ್ಯಾನೇಜರಿಗೆ ನಿಜ ಹೇಳಿದೆ. ಸೋಮವಾರದಿಂದ ನಿನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ. ತಿಂಗಳ ಕೊನೆಗೆ ಮನೆಗೆ ಕಳಿಸಿ ಎಂದು ಡಾಕ್ಟರ ಹತ್ತಿರ ಹಟ ಹಿಡಿದಿದ್ದೀಯಂತೆ. ಬೇಡ, ಚಿಕಿತ್ಸೆ ಪೂರ್ತಿ ಮುಗಿಸು. ಓಡಿ ಬರುವಂಥದ್ದು ಇಲ್ಲಿ ಏನೂ ಉಳಿದಿಲ್ಲ.