ಐದಕ್ಕೆ ಇನ್ನೂ ಎಂಟು ನಿಮಿಷವಿತ್ತು

ಮಾರ್ಚ್ ೧೭, ಸೋಮವಾರ ಬೆಳಗ್ಗೆ

ರೀ, ಬ್ಯಾಟರಿ ಅಂಗಡಿ ಯಜಮಾನ್ರೇ,

ಮೊದಲು ಬೈದುಬಿಡಿ, ಆಮೇಲೆ ಓದಿ. ನಿಮಗೆ ಕಾಗದ ಬರೆದು ನಾಲ್ಕು ತಿಂಗಳಾಯ್ತು. ನಿಮ್ಮ ಎರಡು ಕಾಗದಕ್ಕೂ ಉತ್ತರ ಕೊಡದೆ ಕೂತಿದೀನಿ. ಎರಡನ್ನೂ ಬ್ಯಾಟರಿ ವಾರಂಟಿ ಕಾರ್ಡಿನ ಹಿಂದೆ ಬರೆದಿದ್ದೀರಲ್ಲ, ಊರಲ್ಲಿ ಕಾಗದಕ್ಕೇನಾದರೂ ಬರಗಾಲ ಬಂದಿದೆಯಾ? ಫೋನಲ್ಲಿ ಮಾತಾಡ್ತಾನೇ ಇದೀವಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡಿದ್ದೆ. ಆದರೆ ನಮ್ಮ ಫೋನ್ ಮಾತು ನಿಮಗೆ ಗೊತ್ತೇ ಇದೆ. "ಊಟ ಆಯ್ತಾ?" "ಆಯ್ತು, ನಿಂದು?" "ಆಯ್ತು. ಮತ್ತೆ?" "ಮತ್ತೇನಿಲ್ಲ." ಇವತ್ತು ಹೇಳಬೇಕಾಗಿರೋದು ಈ ಮತ್ತೇನಿಲ್ಲದ ಒಳಗೆ ಹಿಡಿಸೋದಿಲ್ಲ. ಅದಕ್ಕೇ ಆಫೀಸಿಗೆ ಒಂದು ಗಂಟೆ ಮುಂಚೆ ಬಂದು, ಬಾಗಿಲು ಹಾಕ್ಕೊಂಡು ಬರೀತಿದೀನಿ.

ನಾನು ಚೆನ್ನಾಗಿದೀನಿ. ಮಂಡಿ ನೋವು ಮೆಟ್ಟಿಲು ಕಂಡಾಗ ಮಾತ್ರ ನೆನಪಾಗುತ್ತೆ. ನಿಮ್ಮ ಕೈಗೆ ಆಸಿಡ್ ಸಿಡಿದಿತ್ತಲ್ಲ, ವಾಸಿ ಆಯ್ತಾ? ಗ್ಲೌಸ್ ಹಾಕ್ಕೊಳ್ಳಿ ಅಂತ ಮದುವೆಯಾದ ವರ್ಷದಿಂದ ಬಡ್ಕೊಳ್ತಿದೀನಿ, ನಿಮ್ಮದು ಮಾತ್ರ ಜಾಣಕಿವುಡು. ಇನ್ನು ಆ ಸುದ್ದಿ ಹೇಳಿಬಿಡ್ತೀನಿ: ಊರು ಬಿಟ್ಟು ಬಂದ ಈ ಕೆಲಸದಲ್ಲಿ ಐದು ವರ್ಷದ ನನ್ನ ಅವಧಿ ಜೂನಿಗೆ ಮುಗಿಯುತ್ತೆ. ಇನ್ನೂ ಎರಡು ವರ್ಷ ಇರಿ ಅಂತ ಇಲ್ಲಿಯ ದೊಡ್ಡೋರು ಕೇಳಿದ್ದಾರೆ. ಈ ತಿಂಗಳ ಕೊನೆಯೊಳಗೆ ಹೂಂ ಅಥವಾ ಉಹೂಂ ಅನ್ನಬೇಕು. ನಿಮ್ಮನ್ನ ಕೇಳದೆ ಅನ್ನೋದಿಲ್ಲ. ಆದರೆ ಕೇಳೋಕೆ ಮುಂಚೆ ಮೊನ್ನೆ ಶುಕ್ರವಾರ ಏನಾಯ್ತು ಅಂತ ಹೇಳಬೇಕು.

ನನ್ನ ಕೆಲಸ ಏನು ಅಂತ ಪಕ್ಕದ ಅಂಗಡಿಯವರು ಕೇಳಿದಾಗ ನೀವು "ನಮ್ಮನೆಯವಳು ಕಲ್ಲುಮಂತ್ರಿ" ಅಂದುಬಿಡ್ತೀರಂತೆ. ನಿಮ್ಮ ಮಗಳು ಚೂಟಿಯೇ ಹಿಂದೊಮ್ಮೆ ಹೇಳಿದ್ದಳು. ಇರಲಿ, ಸುಳ್ಳೇನಲ್ಲ. ಮಾಲು ಒಬ್ಬನೇ ಡೀಲರ್ ಹತ್ತಿರ ತಗೋಬೇಡ, ಅವನು ಅಂಗಡಿ ಮುಚ್ಚಿದ ದಿನ ನೀನೂ ಮುಚ್ಚಬೇಕಾಗುತ್ತೆ ಅಂತ ಮಾವನವರು ನಿಮಗೆ ಹೇಳ್ತಿದ್ದರಲ್ಲ? ಅದನ್ನೇ ಮೂವತ್ತೊಂದು ದೇಶಗಳಿಗೆ ಹೇಳಿ ಒಪ್ಪಿಸೋದು ನನ್ನ ಕೆಲಸ. ಬ್ಯಾಟರಿಗೆ, ವಿದ್ಯುತ್ ತಂತಿಗೆ, ಗಾಳಿಯಂತ್ರಕ್ಕೆ ಬೇಕಾದ ಖನಿಜ ನಾಲ್ಕೈದು ಕಡೆ ಮಾತ್ರ ಸಿಗುತ್ತೆ. ಒಂದು ಕಡೆ ನಿಂತರೆ ಎಲ್ಲರ ಮನೆ ದೀಪಕ್ಕೂ ತೊಂದರೆ. ಹಾಗಾಗದ ಹಾಗೆ ಯಾರು ಎಷ್ಟು ದಾಸ್ತಾನು ಇಡಬೇಕು, ಕಷ್ಟಕಾಲದಲ್ಲಿ ಯಾರು ಯಾರಿಗೆ ಕೊಡಬೇಕು ಅಂತ ಒಂದು ಒಪ್ಪಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗೆ ಎರಡು ವರ್ಷ ಎಳೆದಾಡಿ, ಕೊನೆಗೆ ಇಪ್ಪತ್ತೆರಡು ಪುಟದ ಕರಡು ಸಿದ್ಧವಾಯ್ತು.

ಕರಡು ಸಿದ್ಧವಾದ ಮೇಲೆ ನಮ್ಮಲ್ಲೊಂದು ಪದ್ಧತಿ ಇದೆ. ಮತ್ತೆ ಎಲ್ಲರನ್ನೂ ಸೇರಿಸಿ ಕೈ ಎತ್ತಿಸೋದಿಲ್ಲ. ಕರಡನ್ನ ಎಲ್ಲರಿಗೂ ಕಳಿಸಿ ಒಂದು ಗಡುವು ಕೊಡ್ತೀವಿ. ಆಕ್ಷೇಪಣೆ ಇದ್ದವರು ಅಷ್ಟರೊಳಗೆ ಬರೆದು ತಿಳಿಸಬೇಕು. ಯಾರೂ ಬಾಯಿ ಬಿಡದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ಮೌನಂ ಸಮ್ಮತಿ ಲಕ್ಷಣಂ. ನಿಮಗೆ ನಗು ಬಂದಿರುತ್ತೆ, ಗೊತ್ತು. ಈ ಕೆಲಸ ಸಿಕ್ಕಿದ ಸಂಜೆ ಊಟದ ಮೇಜಿನ ಮುಂದೆ "ಹೋಗಲಾ?" ಅಂತ ನಾನು ಕೇಳಿದ್ದು, ನೀವು ಬೆಳ್ಳುಳ್ಳಿ ಸುಲೀತಾ ಸುಮ್ನಿದ್ದದ್ದು, ಮೌನ ಸಮ್ಮತಿ ಅಂತ ನಾನು ಪೆಟ್ಟಿಗೆ ಕಟ್ಟಿದ್ದು. ರಜಕ್ಕೆ ಊರಿಗೆ ಬಂದಾಗೆಲ್ಲ, ಮನೆಗೆ ಬಂದವರಿಗೆ ಈ ಕಥೆ ಎಷ್ಟು ಸಲ ಹೇಳಿದೀನೋ! "ನಮ್ಮನೆಯವರು ನಮ್ಮ ಆಫೀಸಿನ ರೂಲ್ಸ್ ಪ್ರಕಾರವೇ ಒಪ್ಪಿಗೆ ಕೊಟ್ಟರು" ಅಂತ. ಎಲ್ಲರೂ ನಗ್ತಾರೆ, ನೀವೂ ನಗ್ತೀರಿ. ಚೂಟಿ ಮಾತ್ರ ಆಗೆಲ್ಲ ಎದ್ದು ಒಳಗೆ ಹೋಗ್ತಾಳೆ.

ಈ ಸಲದ ಗಡುವು ಶುಕ್ರವಾರ ಸಂಜೆ ಐದು ಗಂಟೆ. ಆಕ್ಷೇಪಣೆ ಬರಬೇಕಾದ್ದು ಕಚೇರಿಯ ಒಂದು ಸಾಮಾನ್ಯ ವಿಳಾಸಕ್ಕೆ. ಅದನ್ನ ನೋಡ್ಕೊಳ್ಳೋನು ನನ್ನ ಸಹಾಯಕ ನಿರ್ದೇಶಕ. ಅವನಿಗೆ ನಾವಿಟ್ಟಿರೋ ಹೆಸರು ಅಲ್ಪವಿರಾಮ. ಒಂದೊಂದು ಕಾಮಾಕ್ಕೂ ಅರ್ಧ ದಿನ ಜಗಳ ಆಡ್ತಾನೆ. ಒಳ್ಳೆಯವನು, ಆದರೆ ನಿಯಮ ಅಂದರೆ ನಿಯಮ. ಮಧ್ಯಾಹ್ನದಿಂದ ಅವನು ಕಂಪ್ಯೂಟರ್ ಮುಂದೆ ಹಾಲು ಉಕ್ಕುತ್ತೋ ಅಂತ ಕಾಯೋರ ಹಾಗೆ ಕೂತಿದ್ದ. ಆಚೆ ದೊಡ್ಡ ಕೋಣೇಲಿ ಸಹಿ ಸಮಾರಂಭಕ್ಕೆ ಕುರ್ಚಿ ಜೋಡಿಸ್ತಿದ್ದ ಸದ್ದು ಕೇಳ್ತಿತ್ತು.

ನಾಲ್ಕು ಐವತ್ತೆರಡಕ್ಕೆ ನನ್ನ ಸ್ವಂತ ವಿಳಾಸಕ್ಕೆ ಒಂದು ಮೇಲ್ ಬಂತು. ಸಾಮಾನ್ಯ ವಿಳಾಸಕ್ಕಲ್ಲ, ನನಗೊಬ್ಬಳಿಗೇ. ಬರೆದವರು ಒಂದು ಪುಟ್ಟ ಗಣಿ ದೇಶದ ಪ್ರತಿನಿಧಿ. ಮೊದಲು ಗಣಿ ಸುರಕ್ಷತೆಯ ಇನ್ಸ್‌ಪೆಕ್ಟರ್ ಆಗಿದ್ದ ಹೆಂಗಸು. ಸಭೆಗಳಲ್ಲಿ ಯಾವಾಗಲೂ ಕೊನೇ ಸಾಲಲ್ಲಿ ಕೂರೋರು, ಮೆತ್ತಗೆ ಮಾತಾಡೋರು. ನಮ್ಮ ಕರಡಿನ ಹದಿನಾಲ್ಕನೇ ಕಲಮಿನಲ್ಲಿ "ಯಾವುದೇ ಸಂದರ್ಭದಲ್ಲೂ ಗಣಿ ದೇಶಗಳು ಅದಿರಿನ ರಫ್ತು ನಿಲ್ಲಿಸುವಂತಿಲ್ಲ" ಅಂತ ಒಂದು ವಾಕ್ಯ ಇತ್ತು. ಅದರ ಬಗ್ಗೆ ಅವರು ಬರೆದಿದ್ದರು: "ಹೋದ ವರ್ಷ ನಮ್ಮ ಗಣಿಗೆ ನೀರು ನುಗ್ಗಿತು. ಹನ್ನೊಂದು ದಿನ ಕೆಲಸ ನಿಲ್ಲಿಸಿ ನಲವತ್ತು ಜನರನ್ನ ಹೊರಗೆ ತಂದೆವು. ಆ ಹನ್ನೊಂದು ದಿನ ಒಂದು ಗಾಡಿ ಅದಿರೂ ಹೋಗಲಿಲ್ಲ. ಈ ವಾಕ್ಯ ಆಗ ಇದ್ದಿದ್ದರೆ ನಾವು ತಪ್ಪಿತಸ್ಥರು. ನಮ್ಮ ಒಪ್ಪಿಗೆ ಇಲ್ಲ."

ಅವರು ಇದನ್ನ ಮೊದಲೇ ಹೇಳಿರಲಿಲ್ಲ ಅಂತಲ್ಲ. ಎರಡು ಸಲ ಸಭೇಲಿ ಹೇಳಿದ್ದರು. ಪರಿಶೀಲಿಸೋಣ ಅಂದಿದ್ದೆ ನಾನು. ನಾವು ಪರಿಶೀಲಿಸೋಣ ಅಂದರೆ ಮೂಲೆಗೆ ಹಾಕೋಣ ಅಂತಲೇ ಅರ್ಥ, ನಿಮಗೂ ಗೊತ್ತು. ದೊಡ್ಡ ದೇಶಗಳಿಗೆ ಆ ವಾಕ್ಯ ಬೇಕಾಗಿತ್ತು, ನನಗೆ ಒಪ್ಪಂದ ಬೇಕಾಗಿತ್ತು.

ಓದಿದೆ. ಇನ್ನೊಂದು ಸಲ ಓದಿದೆ. ಆಮೇಲೆ ಏನು ಮಾಡಿದೆ ಗೊತ್ತಾ? ಲ್ಯಾಪ್‌ಟಾಪ್ ಮುಚ್ಚಿ, ಕಿಟಕೀಲಿ ಇರೋ ಗಿಡಕ್ಕೆ ನೀರು ಹಾಕಿದೆ. ಬೆಳಗ್ಗೆ ಹಾಕಿದ್ದೆ, ಮತ್ತೆ ಹಾಕಿದೆ. ತಟ್ಟೆ ತುಂಬಿ ನೀರೆಲ್ಲ ನೆಲಕ್ಕೆ ಬಂತು. ಅದನ್ನ ಒರೆಸ್ತಾ ಕೂತೆ. ಐದು ಗಂಟೆ ಆಯ್ತು. ಅಲ್ಪವಿರಾಮ ಓಡಿ ಬಂದು, "ಮೇಡಂ, ಒಂದೂ ಇಲ್ಲ! ಖಾಲಿ! ಮುಗೀತು! ಅಭಿನಂದನೆ!" ಅಂದ. ಆಫೀಸಿನ ಹುಡುಗಿಯರೆಲ್ಲ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ನಾನು ಒದ್ದೆ ಬಟ್ಟೆ ಹಿಡ್ಕೊಂಡು ನಕ್ಕೆ. ಹೌದು ರೀ, ನಕ್ಕೆ. ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಮಾಡಲಿ. ನಾನು ನೋಡೇ ಇಲ್ಲ ಅಂದರೆ ಯಾರು ಕೇಳ್ತಿದ್ದರು? ಸೋಮವಾರ ನೋಡಿದೆ ಅಂದಿದ್ದರೂ ಸಾಕಿತ್ತು. ವಿಳಾಸ ತಪ್ಪಿದ್ದು ಅವರು, ನಿಯಮ ನನ್ನ ಕಡೆಗಿತ್ತು.

ಐದು ಗಂಟೆ ಆರು ನಿಮಿಷಕ್ಕೆ ಅಲ್ಪವಿರಾಮನನ್ನ ಕರೆದು, "ಬಾಗಿಲು ಹಾಕಪ್ಪ" ಅಂದೆ. ಮೇಲ್ ತೋರಿಸಿದೆ. ಅವನ ಮುಖ ನೋಡಬೇಕಿತ್ತು, ಪಾಪ. "ಮೇಡಂ, ಇದು ಲೆಕ್ಕಕ್ಕೆ ಬರಲ್ಲ. ವಿಳಾಸ ಸರಿಯಿಲ್ಲ" ಅಂದ. "ಟೈಮ್ ಸರಿ ಇದೆಯಲ್ಲ" ಅಂದೆ. "ಎರಡು ವರ್ಷದ ಕೆಲಸ ಮೇಡಂ!" "ಗೊತ್ತು." "ನೀವು ನೋಡಿದ್ದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ." "ಅದೇ ತೊಂದರೆ ಕಣಪ್ಪ" ಅಂದೆ. ಅವನು ಕುರ್ಚಿ ಎಳ್ಕೊಂಡು ಕೂತು ಆ ಮೇಲ್ ಇನ್ನೊಂದು ಸಲ ಓದಿದ. ಆಮೇಲೆ ತಾನೇ ಎದ್ದು ಹೋಗಿ, "ಆಕ್ಷೇಪಣೆ ಬಂದಿದೆ, ಗಡುವಿನೊಳಗೆ" ಅಂತ ಮೂವತ್ತೊಂದು ದೇಶಗಳಿಗೂ ಬರೆದ. ಒಂದು ಕಾಮಾಕ್ಕೂ ಜಗಳ ಆಡಲಿಲ್ಲ.

ದೊಡ್ಡೋರು ಕರೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಅನ್ನೋ ಸಿಟ್ಟು ಅವರಿಗೆ, ತಪ್ಪೇನಿಲ್ಲ. "ನಿಮಗೇನಾಗಿತ್ತು? ಇಷ್ಟು ವರ್ಷದ ಅನುಭವ ನಿಮ್ಮದು" ಅಂದರು. ಜೋಡಿಸಿದ ಕುರ್ಚಿಗಳನ್ನ ವಾಪಸ್ಸು ಎತ್ತಿಟ್ಟರು. ಶನಿವಾರ ಆ ಹೆಂಗಸೇ ಫೋನ್ ಮಾಡಿದ್ದರು. "ನೋಡಿಲ್ಲ ಅನ್ನಬಹುದಿತ್ತು ನೀವು. ತಪ್ಪು ವಿಳಾಸಕ್ಕೆ ಕಳಿಸಿದ್ದು ಐದು ಗಂಟೆ ಆದಮೇಲೆ ಗೊತ್ತಾಯ್ತು, ಎದೆ ಒಡೆದು ಹೋಗಿತ್ತು" ಅಂದರು. ಅವರ ದನಿ ಅವತ್ತು ಮೆತ್ತಗಿರಲಿಲ್ಲ. ನಿನ್ನೆ ದೊಡ್ಡೋರ ಸಿಟ್ಟು ಇಳಿದು, ಹದಿನಾಲ್ಕನೇ ಕಲಮು ತಿದ್ದೋಕೆ ಒಪ್ಪಿದ್ದಾರೆ. ಜೀವಕ್ಕೆ ಅಪಾಯ ಇದ್ದಾಗ ಗಣಿ ನಿಲ್ಲಿಸಬಹುದು ಅಂತ ಸೇರಿಸಬೇಕು. ಅಷ್ಟು ಸೇರಿಸಿ ಮತ್ತೆ ಎಲ್ಲ ದೇಶಗಳನ್ನೂ ಒಪ್ಪಿಸೋಕೆ ಒಂದೂವರೆ ವರ್ಷ ಬೇಕಂತೆ, ಅದಕ್ಕೇ ನನ್ನನ್ನ ಇರಿ ಅಂತಿರೋದು. "ಕೆಡಿಸಿದ್ದು ನೀವು, ಸರಿ ಮಾಡೋದೂ ನೀವೇ" ಅಂದರು.

ಇಲ್ಲಿ ಎಲ್ಲರೂ ನನ್ನನ್ನ ಈಗ ಏನೋ ದೊಡ್ಡ ಸತ್ಯವಂತೆ ಅನ್ನೋ ಹಾಗೆ ನೋಡ್ತಿದ್ದಾರೆ. ಆ ಹುಡುಗಿಯರು ನನ್ನ ಮೇಜಿನ ಮೇಲೆ ಹೂವಿನ ಗೊಂಚಲು ಇಟ್ಟು ಹೋಗಿದ್ದಾರೆ. ನೋಡೋಕೇ ಆಗದೆ ಕಪಾಟಿನ ಮೇಲೆ ಇಟ್ಟಿದೀನಿ.

ಈಗ ನಿಮ್ಮನ್ನ ಕೇಳ್ತಿದೀನಿ. ಕೆಲಸ ಅರ್ಧಕ್ಕೆ ಬಿಡೋಕೆ ನನಗೆ ಮನಸ್ಸಿಲ್ಲ, ಅದನ್ನೂ ಹೇಳಿಬಿಡ್ತೀನಿ. ಮನೆಗೆ ಬರಬೇಕು ಅನ್ನೋ ಆಸೆಯೂ ಅಷ್ಟೇ ಇದೆ. ಹೊರಟಾಗ ಚೂಟಿಗೆ ಒಂಬತ್ತು ವರ್ಷ. ಈಗ ಫೋನ್ ಎತ್ತಿದರೆ "ಹೂಂ, ಸರಿ, ಅಪ್ಪಂಗೆ ಕೊಡ್ತೀನಿ" ಅಂತಾಳೆ. ಅವಳ ದನಿ ಬದಲಾಗಿದೆ, ಯಾವಾಗ ಬದಲಾಯ್ತು ಅಂತ ನನಗೆ ಗೊತ್ತಿಲ್ಲ. ನನ್ನಲ್ಲಿ ಎರಡೂ ಆಸೆ ಇರೋದರಿಂದ ನಿಮ್ಮ ಮಾತು ಬೇಕು. ಇರು ಅನ್ನಿ, ಬಾ ಅನ್ನಿ, ಯಾವುದಾದರೂ ಸರಿ. ಸುಮ್ನೆ ಮಾತ್ರ ಇರಬೇಡಿ. ಈ ತಿಂಗಳ ಕೊನೆಯವರೆಗೂ ನಿಮ್ಮಿಂದ ಮಾತು ಬರದಿದ್ದರೆ ನಾನು ಒಪ್ಪಿಗೆ ಅಂದ್ಕೊಳ್ಳೋದಿಲ್ಲ. ಉಹೂಂ ಅಂತಲೇ ತಿಳ್ಕೊಂಡು ಪೆಟ್ಟಿಗೆ ಕಟ್ಟಿ ಬರ್ತೀನಿ. ವಾರಂಟಿ ಕಾರ್ಡಿನ ಹಿಂದೆ ಬರೆದು ಫೋನಲ್ಲಿ ಫೋಟೋ ಕಳಿಸಿದರೂ ಸಾಕು, ನಿಮ್ಮ ಕೈಬರಹ ಇದ್ದರೆ ಆಯ್ತು.

ಗ್ಲೌಸ್ ಹಾಕ್ಕೊಳ್ಳಿ. ಚೂಟಿಗೆ ಓದು ಓದು ಅಂತ ತಲೆ ತಿನ್ನಬೇಡಿ, ಅವಳು ನಿಮ್ಮ ಹಾಗೆ, ತನಗೆ ಬೇಕಾದಾಗ ಓದ್ತಾಳೆ. ನನ್ನ ಮಗು ನೂರು ವರ್ಷ ಸುಖವಾಗಿರಲಿ, ಒಳ್ಳೇದಾಗಲಿ ಅವಳಿಗೆ. ನನ್ನ ಪರವಾಗಿ ಅವಳ ತಲೆ ಸವರಿ. ಬೇಡ ಅಂದರೂ ಸವರಿ.

ನಿಮ್ಮ
ಕಲ್ಲುಮಂತ್ರಿ

ಮತ್ತೆ ಒಂದು ಮಾತು: ಇದನ್ನ ಮೇಲೆ ಬರೆಯೋಕೆ ಕೈ ಬರಲಿಲ್ಲ. ಲಕೋಟೆ ಅಂಟಿಸೋಕೆ ಹೋಗಿ ಮತ್ತೆ ತೆಗೆದೆ. ಐದು ವರ್ಷದ ಹಿಂದೆ ಆ ಸಂಜೆ ನೀವು ಸುಮ್ನಿದ್ದದ್ದು ನಿಜ. ಆದರೆ ಮಾರನೇ ಬೆಳಗ್ಗೆ, ನಾನಿನ್ನೂ ಒಪ್ಪಿಗೆ ಪತ್ರ ಕಳಿಸೋಕೆ ಮುಂಚೆ, ನೀವು ಪಾತ್ರೆ ತೊಳೀತಾ, ಈ ಕಡೆ ತಿರುಗದೆ, "ಹೋಗಬೇಡ ಕಣೇ" ಅಂದಿರಿ. ನಲ್ಲಿ ಜೋರಾಗಿ ಬಿಟ್ಟಿತ್ತು. ನಾನು "ಏನು?" ಅಂದೆ. ನೀವು ನಲ್ಲಿ ನಿಲ್ಲಿಸಿ, "ಏನಿಲ್ಲ" ಅಂದಿರಿ. ನನಗೆ ಕೇಳಿತ್ತು ರೀ. ಮೊದಲನೇ ಸಲವೇ ಕೇಳಿತ್ತು. ನೀವು ಎರಡನೇ ಸಲ ಹೇಳೋರಲ್ಲ ಅಂತ ಗೊತ್ತಿದ್ದೇ ಏನು ಅಂತ ಕೇಳಿದೆ. ಬಾಗಿಲ ಹತ್ತಿರ ಚೂಟಿ ಶೂ ಹಾಕ್ಕೊಳ್ತಾ ಕೂತಿದ್ದಳು, ಅವಳಿಗೂ ಕೇಳಿತ್ತು. ತಲೆ ಎತ್ತಿ ನನ್ನ ಮುಖ ನೋಡಿದಳು. ಆಮೇಲೆ ಐದು ವರ್ಷ ನಾನು ಆ ಬೆಳ್ಳುಳ್ಳಿ ಜೋಕು ಹೇಳ್ಕೊಂಡು ತಿರುಗಿದೆ, ನೀವು ಅದನ್ನ ಹೊಟ್ಟೆಗೆ ಹಾಕ್ಕೊಂಡು ನಕ್ಕಿರಿ. ಇನ್ನು ಆ ಜೋಕು ಹೇಳೋದಿಲ್ಲ. ನಿಮ್ಮ ಆಕ್ಷೇಪಣೆ ಸಮಯಕ್ಕೆ ಸರಿಯಾಗೇ ಬಂದಿತ್ತು.