ಅಂಕಿ ಹೇಳಿದ ಮೇಲೆ ಚಹಾ

ಇಂಡಿ
೧೭-೧-೧೯೭೮, ಮಂಗಳವಾರ

ನಮ್ಮ ಸಿದ್ದವ್ವನ ಅಪ್ಪನವರಿಗೆ ಹೊನ್ನವ್ವನ ಪ್ರೀತಿಯ ನಮಸ್ಕಾರಗಳು.

ನಿಮ್ಮ ಕೆಮ್ಮು ಕಡಿಮೆಯಾಯಿತೇ? ಮುಂಬಯಿ ನೀರು ಇನ್ನೂ ಒಗ್ಗಿಲ್ಲ ಎಂದು ಬರೆದಿದ್ದಿರಿ. ಖಾನಾವಳಿಯಲ್ಲಿ ಜೋಳದ ರೊಟ್ಟಿ ಸಿಗದಿದ್ದರೆ ಅನ್ನವನ್ನೇ ಬಿಸಿ ಇದ್ದಾಗ ಉಣ್ಣಿರಿ, ಸಿಟ್ಟು ಮಾಡಿಕೊಂಡು ಉಪವಾಸ ಬೀಳಬೇಡಿರಿ. ಇಲ್ಲಿ ನಾವೆಲ್ಲ ಕ್ಷೇಮ. ಸಿದ್ದವ್ವ ಎರಡನೆಯ ಇಯತ್ತೆಗೆ ಬಂದ ಮೇಲೆ ಪಾಟಿ ಬಿಟ್ಟು ಪೆನ್ಸಿಲ್ ಹಿಡಿದಿದ್ದಾಳೆ. ನೋಟ್‌ಬುಕ್ಕಿನ ತುಂಬ ಸಮುದ್ರವೇ. ಕಂಡಿಲ್ಲದ ಸಮುದ್ರವಾದ್ದರಿಂದ ಅದು ನಮ್ಮ ಭೀಮಾ ಹೊಳೆಯ ಹಾಗೇ ಇದೆ, ದಂಡೆಯಲ್ಲಿ ಎರಡು ಎಮ್ಮೆಗಳೂ ಇವೆ. ಎಮ್ಮೆಗಳನ್ನು ಅಳಿಸು ಎಂದರೆ ಕೇಳುವುದಿಲ್ಲ, ನಿಮ್ಮ ಮಗಳು.

ನೀವು ಕಳಿಸಿದ ಪೆನ್ನಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ಎಷ್ಟು ಚಂದದ ಪೆನ್ನು! ಒತ್ತುವುದೇ ಬೇಡ, ತಾನಾಗಿ ಹರಿಯುತ್ತದೆ. ಬರೆಯಲು ಮಾತಿಲ್ಲದಿದ್ದರೂ ಬರೆಯುತ್ತಲೇ ಇರಬೇಕು ಎನ್ನಿಸುತ್ತದೆ. ಆ ಸಕ್ಕರೆ ಕಂಪನಿಯವರು, ಕಂಪನಿಗಳ ಲೆಕ್ಕ ನೋಡಿ ಸಲಹೆ ಬರೆಯುವ ನಿಮ್ಮಂಥವರನ್ನೆಲ್ಲ ದೊಡ್ಡ ಹೊಟೇಲಿಗೆ ಕರೆದು, ಊಟ ಹಾಕಿ, ಕಾರ್ಖಾನೆಯ ಫೋಟೋ ತೋರಿಸಿ, ಒಬ್ಬೊಬ್ಬರ ಕೈಗೆ ಒಂದು ಪೆನ್ನು ಕೊಟ್ಟು ಕಳಿಸಿದರು ಎಂದು ಬರೆದಿದ್ದಿರಿ. ಊಟಕ್ಕೆ ಏನೇನಿತ್ತು ಎಂದು ಮಾತ್ರ ಬರೆಯಲಿಲ್ಲ. ಅವರು ಅಚ್ಚು ಹಾಕಿಸಿದ ಪುಸ್ತಕವನ್ನೂ ನೋಡಿದೆ. ರಟ್ಟಿನ ಮೇಲೆ ಹೊಗೆ ಬಿಡುವ ಚಿಮಣಿ, ಅದರ ಕೆಳಗೆ ಕಬ್ಬಿನ ಗಾಡಿಗಳ ಸಾಲು. ಒಳಗಿನ ಇಂಗ್ಲಿಷು ನನಗೆ ಬರುವುದಿಲ್ಲ, ಅಂಕಿಗಳು ಬರುತ್ತವೆ. ವರ್ಷದಿಂದ ವರ್ಷಕ್ಕೆ ಏರುತ್ತಲೇ ಇವೆ. ಲೆಕ್ಕವೆಲ್ಲ ಸರಿಯಿದೆ, ಆದರೂ “ಯಾಕೋ ಮನಸ ಒಪ್ಪವಲ್ದು” ಎಂದಿರಿ. ಈ ಕಂಪನಿಯ ಷೇರು ಕೊಳ್ಳಬಹುದು ಎಂದು ತಿಂಗಳ ಕೊನೆಗೆ ನೀವು ಬರೆದು ಕೊಟ್ಟರೆ ನಿಮ್ಮ ಕಚೇರಿಯ ಸೇಠಜಿಗೆ ಸಂತೋಷ, ನಿಮ್ಮ ನೌಕರಿ ಕಾಯಂ, ಅಲ್ಲಿ ಗಿರಗಾಂವದ ಕೋಣೆ ನಮಗೆ. ಬೇಡ ಎಂದು ಬರೆದರೆ ಆರು ತಿಂಗಳ ಪರೀಕ್ಷೆಯ ನೌಕರಿ ಅಲ್ಲಿಗೇ ಮುಗಿದ ಹಾಗೆ. “ನೀ ಏನಂತಿ?” ಎಂದು ನಗೆಚಾಟಿಕೆಗೆ ಕೇಳಿದಿರಿ. ನಾನು ನಗೆಚಾಟಿಕೆ ಎಂದು ತಿಳಿದಿಲ್ಲ.

ಆ ಕೋಣೆಯ ಬಗ್ಗೆ ನೀವು ಬರೆದಂದಿನಿಂದ ನಾನು ಅರ್ಧ ಅಲ್ಲಿಯೇ ಇದ್ದೇನೆ. ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ, ಗಾಳಿ ಮಾತ್ರ ಬರುತ್ತದೆ ಎಂದಿದ್ದಿರಲ್ಲ, ನನಗೆ ಅಷ್ಟು ಸಾಕು. ರೊಟ್ಟಿ ಬಡಿಯುತ್ತ ಕೂತಾಗ ಆ ಗಾಳಿ ಹಿಂದಿನಿಂದ ಬಂದು ಕುತ್ತಿಗೆಗೆ ತಾಗುತ್ತದೆ. ನೀವು ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಸದ್ದು ಕೇಳುತ್ತದೆ. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಅವ್ವ ಬೈಯುವವರೆಗೂ ನಾನು ಇಂಡಿಗೆ ಮರಳುವುದಿಲ್ಲ. ನಿಮ್ಮನ್ನು ಬಿಟ್ಟಿರಲು ನನಗೆ ಆಗುತ್ತಿಲ್ಲ, ಅದನ್ನು ಸುತ್ತಿ ಬಳಸಿ ಏನು ಬರೆಯಲಿ.

ನನ್ನ ಅಪ್ಪನ ವಿಷಯ ಹೇಳಬೇಕು. ಕಣ್ಣಿಗೆ ಪೊರೆ ಪೂರ್ತಿ ಕವಿದಿದೆ. ಆದರೆ ಅಗರಖೇಡದ ಭೀಮಶ್ಯಾ ಅವರ ನಿಂಬೆ ತೋಟದ ಅಂದಾಜು ಹೇಳುವ ಮಾತು ಮೊದಲೇ ಆಗಿತ್ತು. ಗಿಡದಲ್ಲಿ ಕಾಯಿ ಇರುವಾಗಲೇ ಎಷ್ಟು ಚೀಲ ಇಳಿದೀತು ಎಂದು ಅಪ್ಪ ಹೇಳಬೇಕು, ಅದರ ಮೇಲೆ ವ್ಯಾಪಾರಿ ಗೈಬುಸಾಬ ಕಾಕಾ ಫಸಲಿಗೆ ದುಡ್ಡು ಕೊಟ್ಟು ತೋಟ ಹಿಡಿಯಬೇಕು. ಅಪ್ಪ ನನ್ನ ತೋಳು ಹಿಡಿದು ನಡೆದರು. ಭೀಮಶ್ಯಾ ಅವರ ಮನೆಯವರು ಬದುವಿನಲ್ಲೇ ಎದುರಾಗಿ “ಮೊದಲ ಚಾ ಕುಡೀರಿ, ಆಮ್ಯಾಲ ಗಿಡಾ ನೋಡೀರಂತ” ಎಂದರು. “ಅಂಕಿ ಹೇಳಿದ ಮ್ಯಾಲ ಕುಡಿತೇವ್ರಿ ತಾಯಿ” ಎಂದು ಅಪ್ಪ ಮುಂದೆ ನಡೆದೇಬಿಟ್ಟರು. ನನಗೋ ಗಂಟಲು ಒಣಗಿತ್ತು, ಸಿಟ್ಟೇ ಬಂತು. “ಅವರ ಚಾ ಕುಡದ ಕಣ್ಣು ಅವರ ಗಿಡಾನ ಬ್ಯಾರೆ ನೋಡತೈತಿ ಹೊನ್ನಿ” ಎಂದು ಕಿವಿಯಲ್ಲಿ ಹೇಳಿದರು. ಆಮೇಲೆ ಗಿಡಗಳ ನಡುವೆ ಹೊಕ್ಕೆವು. ಅಲ್ಲೊಂದು ಇಲ್ಲೊಂದು ಹೂವು ಇನ್ನೂ ಇತ್ತು, ಆ ವಾಸನೆಗೆ ತಲೆ ಹಗುರಾಗಿ ನಾನು ಎಚ್ಚರಿದ್ದೇನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಪ್ಪನ ದನಿ ಮಾತ್ರ ಬರುತ್ತಿತ್ತು. “ಮೊದಲ ಸುತ್ತಿನ್ಯಾಗ ಎಣಿಸಬ್ಯಾಡ, ಬರೇ ನೋಡು. ಈಗ ನೆಳ್ಳಿನ ಕಡಿಗೆ ಬಾ, ಬಿಸಲಿನ ಕಡಿಯಿಂದ ಎಲ್ಲಾ ಗಿಡಾನೂ ಚಂದ ಕಾಣ್ತಾವ. ಒಂದ ಟೊಂಗಿ ಪೂರಾ ಎಣಸು. ಗಾಳಿಗಿ ಉದುರೂದು ಕಳಿ.” ಕೊನೆಗೆ ನಾನು ನೂರೈವತ್ತರಿಂದ ಇನ್ನೂರು ಎಂದೆ. “ಅಷ್ಟ ಹೇಳಾಕ ನಾವ್ಯಾಕ ಬೇಕ? ಒಂದ ಅಂಕಿ ಹೇಳು” ಎಂದರು. ನೂರಾ ಎಂಬತ್ತು ಚೀಲ ಎಂದೆ. ಗೈಬುಸಾಬ ಕಾಕಾ ನನ್ನ ಮುಖವನ್ನೇ ನೋಡಿ, “ನಿಮ್ಮಪ್ಪನ ಮಾತಿನ ಮ್ಯಾಲ ಇಪ್ಪತ್ತ ವರ್ಷ ತ್ವಾಟ ಹಿಡದೇನಿ, ಇವತ್ತ ನಿನ್ನ ಮಾತಿನ ಮ್ಯಾಲ ಹಿಡಿತೇನವಾ” ಎಂದರು. ಆರಿಹೋದ ಚಹಾವನ್ನು ಆಮೇಲೆ ಕುಡಿದೆವು. ಕಾಯಿ ಇಳಿಯುವುದು ಇನ್ನೂ ಒಂದು ತಿಂಗಳ ಮೇಲೆ. ಅಲ್ಲಿಯವರೆಗೆ ನನ್ನ ಜೀವ ಆ ಗಿಡಗಳಲ್ಲೇ ಇರುತ್ತದೆ.

ಸಂಕ್ರಾಂತಿಗೆ ಚಡಚಣದ ದೊಡ್ಡವ್ವನ ಮನೆಗೆ ಹೋಗಿ ನಿನ್ನೆ ಬಂದೆವು. ನಿಮ್ಮ ಪಾಲಿನ ಕುಸರೆಳ್ಳು ಈ ಕಾಗದದ ಜೊತೆ ಕಳಿಸುವ ಡಬ್ಬಿಯಲ್ಲಿದೆ. ಅಪ್ಪ ಅವ್ವ ಆಶೀರ್ವಾದ ತಿಳಿಸಿದ್ದಾರೆ. ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಇರಿ.

ನಿಮ್ಮ ದಾರಿ ನೋಡುವ,
ಹೊನ್ನವ್ವ

ತಾ.ಕ.: ಗೈಬುಸಾಬ ಕಾಕಾ ಬೇರೆ ತೋಟದ ನಿಂಬೆಕಾಯಿ ಲಾರಿಯಲ್ಲಿ ಮುಂಬಯಿಗೆ ಹೊರಟಿದ್ದಾರೆ, ಕಾಗದ ಅವರ ಕೈಯಲ್ಲೇ ಕೊಡುತ್ತೇನೆ. ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ. ಮೇಲೆ ಬರೆಯದೆ ಮುಚ್ಚಿಟ್ಟದ್ದನ್ನು ಈಗ ಬರೆಯುತ್ತೇನೆ. ಸಂಕ್ರಾಂತಿಯ ದಿನ ದೊಡ್ಡವ್ವನ ಮಗನ ಗಾಡಿಯಲ್ಲಿ ಗಡಿ ದಾಟಿ, ಚಡಚಣಕ್ಕೆ ಹತ್ತಿರವೇ ಇರುವ ನಿಮ್ಮ ಆ ಸಕ್ಕರೆ ಕಾರ್ಖಾನೆ ನೋಡಲು ಹೋಗಿದ್ದೆ. ಮುಂದಿನ ಬಾಗಿಲಲ್ಲಿ ಸುಣ್ಣ ಬಣ್ಣ ಚೊಕ್ಕಟ ಇತ್ತು. ನಾನು ಹಿಂದಿನ ಕಡೆಗೆ ಹೋದೆ. ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಮೊಣಕಾಲೆತ್ತರ ಹುಲ್ಲು ಬೆಳೆದಿದೆ, ಒಂದು ಆಡು ಮೇಯುತ್ತಿತ್ತು. ಕಬ್ಬು ನುರಿಸುವ ಕಾಲದಲ್ಲಿ ಒಂದು ಗಾಡಿಯೂ ಇಲ್ಲ. ಕಾವಲಿನ ಮುದುಕ “ಎರಡ ಹಂಗಾಮ ಆತವಾ ಬಂದ್ ಬಿದ್ದು” ಎಂದ. ಮೂರು ದಿನ ನನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ಗಿರಗಾಂವದ ಕೋಣೆ ಬಾಯಿ ಬಿಡಲು ಕೊಡಲಿಲ್ಲ, ತಪ್ಪು ನನ್ನದು. ಪೆನ್ನನ್ನು ಅರಿವೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅದನ್ನು ಕಂಪನಿಯವರಿಗೆ ಮುಟ್ಟಿಸಿ ಬಂದು, ಆಮೇಲೆ ಬರೆಯಲು ಕೂಡಿರಿ. ಬೇಡ ಎಂದು ಒಂದೇ ಮಾತು ಬರೆಯಿರಿ. ಇದನ್ನು ಬರೆದದ್ದು ಸಿದ್ದವ್ವನ ಮೋಟು ಪೆನ್ಸಿಲ್ಲಿನಿಂದ, ಅದೂ ನನ್ನ ಕಾಗದಕ್ಕೇ ಮುಗಿದುಹೋಯಿತು. ಊರಿಗೆ ಬರುವಾಗ ಅವಳಿಗೆ ಎರಡು ತನ್ನಿರಿ.