ಮಂಚದ ಕೆಳಗಿನ ಹಲಗೆ

ಮಾವ,

ಡ್ಯೂಟಿಗೆ ಹೊರಟೆ. ನೀವು ಗೊರಕೆ ಹೊಡೆಯುತ್ತಿದ್ದಿರಿ, ಎಬ್ಬಿಸಲಿಲ್ಲ.

ಹಿತ್ತಲಿನ ಬೇಲಿ ಇವತ್ತಾದರೂ ಮುಗಿಸಿ. ಪಕ್ಕದ ಮನೆ ನಾಯಿ ನಿನ್ನೆಯೂ ನುಗ್ಗಿ ನನ್ನ ಬದನೆ ಸಸಿಗಳ ಮೇಲೆ ಹೊರಳಾಡಿದೆ. ಅಡುಗೆಮನೆಯ ಹಳೇ ಅಟ್ಟ ಬಿಚ್ಚಿದ ಹಲಗೆಗಳೇ ಬೇಲಿಗೆ ಧಾರಾಳ ಅಂದವರು ನೀವು. ಈಗ ನೋಡಿದರೆ ದಿನಕ್ಕೊಂದು ಹಲಗೆ ಮಾಯ! "ಒಳ್ಳೇ ಮರ ಕಣಮ್ಮಾ, ಮುಂದೆ ಬೇಕಾಗುತ್ತೆ" ಅಂತ ಎತ್ತಿಡೋರು ಯಾರು? ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಯಾರಿಗೂ ಗೊತ್ತಾಗಲ್ಲವೇ, ಮಾವ?

ಬೀರುವಿನ ಹಿಂದೆ ಅಡಗಿಸಿದ್ದ ಎರಡನ್ನೂ ಹಿತ್ತಲಿಗೆ ಸಾಗಿಸಿದ್ದೇನೆ. ಮೊಳೆ ಪೂರ್ತಿ ಕಿತ್ತಿಲ್ಲ, ಚಪ್ಪಲಿ ಹಾಕಿಕೊಂಡೇ ಹೋಗಿ. ಬಿಸಿಲೇರಿದ ಮೇಲೆ ಕೆಲಸ ಬೇಡ. ನಿಮ್ಮ ಮಗ ಸಹಾಯಕ್ಕೆ ಬಂದರೆ ಹಲಗೆ ಹಿಡಿದುಕೊಳ್ಳಲಿ ಸಾಕು. ಸುತ್ತಿಗೆ ಮಾತ್ರ ಕೊಡಬೇಡಿ, ಹೋದ ಸಲ ಊದಿಕೊಂಡ ಬೆರಳಿಗೆ ವಾರವಿಡೀ ಉಪಚಾರ ಮಾಡಿದವಳು ನಾನು.

ಇನ್ನು ನಿಮ್ಮ ಮಂಚದ ಕೆಳಗಿನದು. ನಿನ್ನೆ ನೀವು ವಾಕಿಂಗ್ ಹೋದಾಗ ಬೈದುಕೊಂಡೇ ಅದನ್ನೂ ಎಳೆದೆ. ಧೂಳು ಒರೆಸಿದರೆ ದುಂಡು ದುಂಡು ಕಲೆಗಳ ಸಾಲು. ಅತ್ತೆ ಇದ್ದಾಗ ಅವರ ಡಬ್ಬಿಗಳು ಕೂರುತ್ತಿದ್ದ ಜಾಗ. ಸುಮ್ಮನೆ ಇದ್ದಲ್ಲೇ ಇಟ್ಟೆ.

ಅದು ಬೇಲಿಗೆ ಬೇಡ. ಹಲಗೆ ಕಮ್ಮಿ ಬಿದ್ದರೆ ನನ್ನ ಇಸ್ತ್ರಿ ಹಲಗೆಯನ್ನೇ ಬೇಲಿಗೆ ಹೊಡೆಯಿರಿ, ಹೇಗೂ ಈ ಮನೆಯಲ್ಲಿ ಯಾರೂ ಇಸ್ತ್ರಿ ಮಾಡಲ್ಲ. ಭಾನುವಾರ ಇಬ್ಬರೂ ಸೇರಿ ಅತ್ತೆಯ ಹಲಗೆಯನ್ನು ಒಲೆಯ ಪಕ್ಕದ ಗೋಡೆಗೆ ಕೂರಿಸೋಣ. ಉಜ್ಜಿ ನುಣುಪು ಮಾಡಬೇಡಿ. ಆ ಕಲೆಗಳ ಮೇಲೇ ನನ್ನ ಡಬ್ಬಿಗಳನ್ನು ಇಡುತ್ತೇನೆ.

ನಿಮ್ಮ ಸೊಸೆ